ಮನೆಯವರ ಹಾಗೆ

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನ ಸೌತ್‌ಸೀಯಿಂದ ಅಪ್‌ಪಾರ್ಕ್ ಎಂಬ ದೊಡ್ಡಮನೆಗೆ 17 ಮೈಲಿ. ಕಾರಿನಲ್ಲಿ ಮುಕ್ಕಾಲು ಗಂಟೆ ಸಾಕು. 1883ರ ಒಂದು ಭಾನುವಾರ ಬೆಳಿಗ್ಗೆ, ಇನ್ನೂ 17 ತುಂಬದ ಹುಡುಗನೊಬ್ಬ ತಿಂಡಿಯನ್ನೂ ತಿನ್ನದೆ ಈ ದಾರಿಯನ್ನು ನಡೆದೇ ಮುಗಿಸಿದ. ಸೌತ್‌ಸೀಯ ಒಂದು ಬಟ್ಟೆ ಅಂಗಡಿಯಲ್ಲಿ ಅವನನ್ನು ಕೆಲಸ ಕಲಿಯಲು ಬಿಟ್ಟಿದ್ದರು. ಅವನಿಗೆ ಅದು ಬೇಡವಾಗಿತ್ತು. ಇನ್ನು ಆಗೋದಿಲ್ಲ ಎಂದು ಅಮ್ಮನಿಗೆ ಹೇಳಬೇಕಿತ್ತು. ಅಮ್ಮ ಇದ್ದದ್ದು ಗುಡ್ಡದ ಮೇಲಿನ ದೊಡ್ಡಮನೆಯಲ್ಲಿ. ಅಲ್ಲಿ ಅವಳು ಹೌಸ್‌ಕೀಪರ್.

ಅವನು ಹತ್ತಿರ ಬರುವ ಹೊತ್ತಿಗೆ ಆ ಮನೆಯ ಕೆಲಸದವರೆಲ್ಲ ಹಾರ್ಟಿಂಗ್ ಹಳ್ಳಿಯ ಚರ್ಚ್ ಮುಗಿಸಿಕೊಂಡು ಸಾಲಾಗಿ ಗುಡ್ಡ ಹತ್ತುತ್ತಿದ್ದರು. ಹುಡುಗ ದಾರಿಯಲ್ಲೇ ಕಾದು ಅಮ್ಮನನ್ನು ಹಿಡಿದ. ಆ ಹುಡುಗ ಎಚ್.ಜಿ. ವೆಲ್ಸ್. ಅಮ್ಮ ಸಾರಾ ವೆಲ್ಸ್. ಮುಂದೆ ಮಗ ಜಗತ್ತಿಗೆಲ್ಲ ಗೊತ್ತಾದ ಲೇಖಕನಾದ. ಅವನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮನಸ್ಸಿನಲ್ಲಿ ಉಳಿದವಳು ಅಮ್ಮ.

ಪೋರ್ಟ್ಸ್‌ಮತ್‌ಗೆ ಬಂದ ಹೊಸದರಲ್ಲಿ ಅಪ್‌ಪಾರ್ಕ್‌ಗೆ ಸುಮ್ನೆ ಹೋಗಿದ್ದೆ. ಭಾನುವಾರ, ಬಿಸಿಲಿತ್ತು, ಅಷ್ಟೇ ಕಾರಣ. ಸಸೆಕ್ಸ್‌ನ ಸುಣ್ಣದ ಗುಡ್ಡಗಳ ನೆತ್ತಿಯ ಮೇಲೆ ಕೆಂಪು ಇಟ್ಟಿಗೆಯ ಮನೆ. ದಕ್ಷಿಣದ ಹುಲ್ಲುಹಾಸಿನಲ್ಲಿ ನಿಂತರೆ ದೂರದಲ್ಲಿ ಸಮುದ್ರ ಕಾಣುತ್ತದೆ. ಮೇಲಿನ ಕೋಣೆಗಳನ್ನು ನೋಡಿದೆ. ಬಂಗಾರದ ಬಣ್ಣ, ಮಾಸಿದ ರೇಷ್ಮೆ ಪರದೆ, ಇಟಲಿಯಿಂದ ತಂದ ಚಿತ್ರಗಳು. ಚೆನ್ನಾಗಿತ್ತು. ಆದರೆ ಆ ದಿನ ನಾನು ಜಾಸ್ತಿ ಹೊತ್ತು ನಿಂತದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಹೌಸ್‌ಕೀಪರ್ ಕೋಣೆ ಇದೆ. ಗೋಡೆ ಮೇಲೆ ಕರೆಗಂಟೆಗಳ ಸಾಲು ಇದೆ. ಅಲ್ಲಿಂದ ಹೊರಗಿನ ಕಟ್ಟಡಗಳಿಗೆ ನೆಲದ ಕೆಳಗೇ ಸುರಂಗ ಹೋಗುತ್ತದೆ. ಆ ಸುರಂಗದ ಬಾಯಲ್ಲಿ ನಿಂತಾಗ ನನಗೆ ನಮ್ಮ ಅಜ್ಜಿಯ ನೆನಪು ಬಂತು.

ಅಜ್ಜಿ ಮಲೆನಾಡಿನ ಒಂದು ದೊಡ್ಡಮನೆಗೆ ಅಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮೂವತ್ತು ವರ್ಷ ಹೋದಳು. ಹಿತ್ತಲ ಬಾಗಿಲಿನಿಂದ ಒಳಗೆ, ಹಿತ್ತಲ ಬಾಗಿಲಿನಿಂದ ಹೊರಗೆ. ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಎಷ್ಟಿವೆ, ಯಾವುದಕ್ಕೆ ಬೂಷ್ಟು ಹಿಡಿದಿದೆ, ಯಾವ ಮಗುವಿಗೆ ಯಾವ ಪಲ್ಯ ಆಗುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಆ ಮನೆಯ ಜಗಲಿ ಮೇಲೆ ಅವಳು ಕೂತದ್ದನ್ನು ಮಾತ್ರ ನಾನು ಕಂಡಿಲ್ಲ. ‘ನನ್ನನ್ನ ಮನೆಯವರ ಹಾಗೆ ನೋಡ್ಕೊಂಡ್ರು’ ಎನ್ನುತ್ತಿದ್ದಳು. ಅದನ್ನು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು, ಮನಸಾರೆ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಆ ಮಾತಿನಲ್ಲಿ ‘ಮನೆಯವರು’ ಎಂಬುದನ್ನು ಮಾತ್ರ ಕೇಳಿಸಿಕೊಂಡಿದ್ದೆ. ‘ಹಾಗೆ’ ಎಂಬ ಪದ ಕಿವಿಗೆ ಬಿದ್ದದ್ದು ಬಹಳ ವರ್ಷ ಆದ ಮೇಲೆ.

ಆಮೇಲೆ ಅಪ್‌ಪಾರ್ಕ್‌ಗೆ ಮತ್ತೆ ಮತ್ತೆ ಹೋದೆ. ಅದರ ಕತೆ ಓದಿದೆ. ಓದುತ್ತಾ ಹೋದ ಹಾಗೆ ‘ಹಾಗೆ’ ಎಂಬ ಆ ಪದ ನನ್ನ ಜೊತೆಗೇ ಬಂತು.

ಈ ಮನೆ ಕಟ್ಟಿದ್ದು 1690ರ ಸುಮಾರಿಗೆ, ಫೋರ್ಡ್ ಗ್ರೇ ಎಂಬ ಶ್ರೀಮಂತ. ಗುಡ್ಡದ ತುದಿಯಲ್ಲಿ ಇಷ್ಟು ದೊಡ್ಡ ಮನೆಗೆ ನೀರು ಎಲ್ಲಿಂದ? ಅವನ ತಾತ ಸರ್ ಎಡ್ವರ್ಡ್ ಫೋರ್ಡ್ ನೀರನ್ನು ಮೇಲಕ್ಕೆ ಎತ್ತುವ ಯಂತ್ರ ಕಂಡುಹಿಡಿದಿದ್ದ. ಅದರಿಂದಲೇ ಇಲ್ಲಿ ಮನೆ ಸಾಧ್ಯವಾಯಿತು. 1747ರಲ್ಲಿ ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ ಎಂಬವನು ಇದನ್ನು ಕೊಂಡ. ದೂರದ ನೆಂಟನೊಬ್ಬನಿಂದ ಅವನಿಗೆ ಭಾರೀ ಆಸ್ತಿ ಬಂದಿತ್ತು. ಅವನೂ ಅವನ ಹೆಂಡತಿ ಸಾರಾಳೂ ಮನೆಯನ್ನು ತುಂಬಿದರು.

ಆ ಹೆಂಡತಿ ತವರಿನಿಂದ ಒಂದು ಬೊಂಬೆ ಮನೆ ತಂದಿದ್ದಳು. ಈಗಲೂ ಅದು ಅಪ್‌ಪಾರ್ಕ್‌ನಲ್ಲಿದೆ. ಮಹಡಿ ಮಹಡಿ ಕೋಣೆಗಳು, ಬೆರಳುದ್ದದ ಬೆಳ್ಳಿ ಪಾತ್ರೆ, ಕೆಳಗೆ ಅಡಿಗೆಮನೆ. ಮನೆಯವರೂ ಇದ್ದಾರೆ, ಆಳುಗಳೂ ಇದ್ದಾರೆ. ಮನೆಯವರ ಬೊಂಬೆಗಳ ಮುಖ ಮೇಣದ್ದು. ಆಳುಗಳದ್ದು ಮರದ್ದು. ಗಾಜಿನ ಈಚೆ ನಿಂತು ಎರಡೂ ಮುಖಗಳನ್ನು ನೋಡುತ್ತಾ ನನಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಯಾರು ಯಾರು ಎಂದು ಆಟ ಆಡುವ ಹುಡುಗಿಗೆ ಮುಟ್ಟಿದರೇ ತಿಳಿಯುವ ಹಾಗೆ ಮಾಡಿದ್ದರು.

ಇಂಥ ಮನೆಗಳಲ್ಲಿ ಇದು ಬೊಂಬೆಗೆ ಮಾತ್ರ ಅಲ್ಲ, ಗೋಡೆಗೂ ಇತ್ತು. ಹಳೆಯ ಕಾಲದಲ್ಲಿ ಇಂಗ್ಲೆಂಡಿನ ದಣಿಗಳು ಒಂದೇ ದೊಡ್ಡ ಹಾಲ್‌ನಲ್ಲಿ ಆಳುಗಳ ಜೊತೆಗೇ ಊಟ ಮಾಡುತ್ತಿದ್ದರು. 17ನೇ ಶತಮಾನದಲ್ಲಿ ಹಿಂಬದಿ ಮೆಟ್ಟಿಲು ಬಂತು. ರಾತ್ರಿಯ ಮಲದ ಪಾತ್ರೆ ಇಳಿಸುವವರು ದಣಿಯ ಎದುರಿಗೆ ಬರುವುದು ತಪ್ಪಿತು. ಆಮೇಲೆ ತಂತಿ ಎಳೆದರೆ ದೂರದಲ್ಲಿ ಬಾರಿಸುವ ಗಂಟೆ ಬಂತು. ಕರೆಯುವುದಕ್ಕೆ ಆಳು ಬಾಗಿಲ ಹೊರಗೆ ನಿಂತಿರಬೇಕಾಗಿಲ್ಲ, ಕಣ್ಣಿಗೆ ಬೀಳದ ಕಡೆ ಇದ್ದರೂ ಆಯಿತು. ಅಪ್‌ಪಾರ್ಕ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸರ್ ಮ್ಯಾಥ್ಯೂ ಮಗ ಸರ್ ಹ್ಯಾರಿಯ ಕಾಲದಲ್ಲಿ ಅಡಿಗೆಮನೆ ಮುಖ್ಯ ಮನೆಯಲ್ಲೇ ಇರಲಿಲ್ಲ, ಪಕ್ಕದ ಕಟ್ಟಡದಲ್ಲಿತ್ತು. ಊಟ ಬರುತ್ತಿದ್ದದ್ದು ಸುರಂಗದಲ್ಲಿ. ಕಿಟಕಿಯಿಂದ ಹೊರಗೆ ನೋಡಿದರೆ ಹುಲ್ಲು, ಜಿಂಕೆ, ಆಕಾಶ. ಕೆಲಸ ಎಂಬುದೇ ಕಾಣಬಾರದು. ಅಷ್ಟು ಕಷ್ಟಪಟ್ಟು ಮರೆಮಾಡಿದ್ದರು.

ಆದರೂ ಜನ ಆ ಗೆರೆ ದಾಟಿದರು. ಇಷ್ಟು ಗಟ್ಟಿ ಗೋಡೆ ಕಟ್ಟಿದ ಮನೆಯಲ್ಲೇ, ಒಂದು ಸಲ ಅಲ್ಲ, ಮತ್ತೆ ಮತ್ತೆ ದಾಟಿದರು. ಪ್ರತಿ ಸಲವೂ ದಾಟಿದವಳು ಹೆಣ್ಣು.

ಮೊದಲನೆಯವಳು ಎಮಾ. ಕಮ್ಮಾರನ ಮಗಳು. ಹನ್ನೆರಡು ಹದಿಮೂರರ ವಯಸ್ಸಿಗೇ ಡಾಕ್ಟರರ ಮನೆಗಳಲ್ಲಿ ಕೆಲಸಕ್ಕಿದ್ದವಳು. 1781ರಲ್ಲಿ ಸರ್ ಹ್ಯಾರಿ ಅವಳನ್ನು ಅಪ್‌ಪಾರ್ಕ್‌ಗೆ ಕರೆತಂದ. ಅವಳಿಗೆ ಹದಿನಾರು, ಅವನಿಗೆ ಇಪ್ಪತ್ತಾರು. ಬೇಟೆಗೆ, ಕುದುರೆ ಪಂದ್ಯಕ್ಕೆ ಬಂದ ಗೆಳೆಯರ ಮುಂದೆ ಅವಳು ಊಟದ ಮೇಜಿನ ಮೇಲೆ ಕುಣಿದಳು ಎಂದು ಈಗಲೂ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಒಂದು ನಗು ಇರುತ್ತದೆ. ನನಗೆ ಆ ನಗು ಇಷ್ಟವಾಗುವುದಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಅವಳು ಬಸುರಿಯಾದಳು. ಅವನು ಹೊರಗೆ ಹಾಕಿದ. 1782ರ ಜನವರಿಯಲ್ಲಿ ಅವಳು ಇನ್ನೊಬ್ಬನಿಗೆ ಬರೆದ ಕಾಗದ ಉಳಿದಿದೆ. ಅಕ್ಷರ ಸರಿಯಾಗಿ ಬಾರದ ಹುಡುಗಿ. ಸರ್ ಹ್ಯಾರಿಗೆ ಏಳು ಕಾಗದ ಬರೆದೆ, ಉತ್ತರ ಬಂದಿಲ್ಲ, ಏನು ಮಾಡಲಿ ಎಂದು ಕೇಳುತ್ತಾಳೆ. ಮುಂದೆ ಅವಳು ಲೇಡಿ ಹ್ಯಾಮಿಲ್ಟನ್ ಆದಳು, ನೌಕಾ ಸೇನಾಪತಿ ನೆಲ್ಸನ್‌ನ ಪ್ರೇಯಸಿ ಎಂದು ಹೆಸರಾದಳು, ಅದೆಲ್ಲ ಬೇರೆ ಕತೆ. ನನಗೆ ಆ ಏಳು ಕಾಗದಗಳೇ ಸಾಕು.

ಎರಡನೆಯವಳು ಮೇರಿ ಆನ್ ಬುಲಕ್. ಇದು 44 ವರ್ಷ ಆದ ಮೇಲಿನ ಮಾತು. ಸರ್ ಹ್ಯಾರಿ ಮದುವೆಯಾಗದೆ ಮುದುಕನಾಗಿದ್ದ. ಮನೆಯ ತೋಟದ ಅಂಚಿನಲ್ಲಿ ಚಂದದ ಡೇರಿ ಇತ್ತು. ತಂಪಾದ, ಬಿಳಿ ಹೆಂಚಿನ ಗೋಡೆಯ ಕೋಣೆ. ಈಗಲೂ ಹೋಗಿ ನೋಡಬಹುದು. ಅಲ್ಲಿ ಹಾಲು ಕೆನೆ ನೋಡಿಕೊಳ್ಳುತ್ತಿದ್ದ ಹುಡುಗಿ ಹಾಡುವುದು ಅವನ ಕಿವಿಗೆ ಬಿತ್ತಂತೆ. ಅವಳಿಗೆ ಇಪ್ಪತ್ತು, ಅವನಿಗೆ ಎಪ್ಪತ್ತು ದಾಟಿತ್ತು. ಹೋಗಿ ನನ್ನನ್ನು ಮದುವೆ ಆಗುತ್ತೀಯಾ ಎಂದು ಕೇಳಿದ. ಅವಳಿಗೆ ಬಾಯಿ ಬರಲಿಲ್ಲ. ‘ಈಗಲೇ ಹೇಳಬೇಡ. ಒಪ್ಪಿಗೆ ಇದ್ದರೆ ಇವತ್ತು ನನ್ನ ಊಟಕ್ಕೆ ಬರುವ ಕುರಿಯ ತೊಡೆಯಿಂದ ಒಂದು ತುಂಡು ಕೊಯ್ದು ಕಳಿಸು’ ಎಂದನಂತೆ. ರಾತ್ರಿ ಮಾಂಸ ಮೇಜಿಗೆ ಬಂತು. ಒಂದು ತುಂಡು ಇರಲಿಲ್ಲ.

ಈ ಕತೆ ಆ ಮನೆಯಲ್ಲಿ ತಲೆಮಾರಿನಿಂದ ಬಂದದ್ದು. ಕೇಳಿದವರಿಗೆ ಚಂದ ಅನಿಸುತ್ತದೆ. ನನಗೆ ಅದರಲ್ಲಿ ಕಾಣುವುದು ಅಡಿಗೆಮನೆ. ಡೇರಿಯ ಹುಡುಗಿ ದಣಿಯ ಊಟಕ್ಕೆ ಹೊರಟ ಮಾಂಸಕ್ಕೆ ಚಾಕು ಹಾಕಬೇಕು. ಅಡಿಗೆಯವಳ ಕಣ್ಣೆದುರೇ. ಯಾಕೆ ಎಂದು ಹೇಳುವ ಹಾಗಿಲ್ಲ, ಹೇಳಿದರೆ ನಂಬುವವರೂ ಇಲ್ಲ. ಅವಳ ಕೈ ಎಷ್ಟು ನಡುಗಿರಬೇಕು, ಅಲ್ವಾ? ಆ ತಟ್ಟೆ ಸುರಂಗದಲ್ಲಿ ಹೊರಟಿತು. ಇನ್ನು ವಾಪಸ್ ತರಲು ಆಗುವುದಿಲ್ಲ.

1825ರ ಸೆಪ್ಟೆಂಬರ್‌ನಲ್ಲಿ ಮದುವೆ ಆ ಮನೆಯ ಸಲೂನ್ ಎಂಬ ದೊಡ್ಡ ಹಜಾರದಲ್ಲೇ ನಡೆಯಿತು. ಓದು ಬರಹ, ನಡೆ ನುಡಿ ಕಲಿಯಲು ಅವಳನ್ನು ಪ್ಯಾರಿಸ್‌ಗೆ ಕಳಿಸಿದ್ದರು. ಅವಳು ತನ್ನ ಪುಟ್ಟ ತಂಗಿ ಫ್ರಾನ್ಸಿಸ್‌ಳನ್ನೂ ಮನೆಗೆ ಕರೆಸಿಕೊಂಡು ಬೆಳೆಸಿದಳು. ಎಲ್ಲರೂ ನಗುತ್ತಾರೆ ಎಂದು ಸರ್ ಹ್ಯಾರಿಗೆ ಗೊತ್ತಿತ್ತು. ಆದರೆ ಮದುವೆ ಇಪ್ಪತ್ತೊಂದು ವರ್ಷ ಉಳಿಯಿತು. 1846ರಲ್ಲಿ ಅವನು ಸತ್ತಾಗ ಮನೆ, ಜಮೀನು, ಎಲ್ಲವನ್ನೂ ಅವಳಿಗೇ ಬಿಟ್ಟುಹೋದ. ಎಮಾಳಿಗೆ ಉತ್ತರ ಬರೆಯದ ಅದೇ ಮನುಷ್ಯ. ಒಬ್ಬ ಮನುಷ್ಯನ ಎರಡು ವಯಸ್ಸನ್ನು ಒಟ್ಟಿಗೆ ಇಟ್ಟು ನೋಡುವುದು ನನಗೆ ಇನ್ನೂ ಕಷ್ಟವೇ.

ಅಕ್ಕ ತಂಗಿ ಇಬ್ಬರೂ ಆ ಮನೆಯಲ್ಲಿ ಉಳಿದರು. ಸುತ್ತಲಿನ ದೊಡ್ಡಮನೆಗಳವರು ಅವರ ಕಡೆ ಅಷ್ಟಾಗಿ ಬಂದು ಹೋಗಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ. ಸರ್ ಹ್ಯಾರಿ ಇದ್ದಾಗ ಏನೇನು ಎಲ್ಲೆಲ್ಲಿತ್ತೋ ಅದನ್ನು ಹಾಗೇ ಇಟ್ಟರು. ವಿಕ್ಟೋರಿಯಾ ಕಾಲದಲ್ಲಿ ಇಂಗ್ಲೆಂಡಿನ ಶ್ರೀಮಂತರು ಹಳೆಯದನ್ನೆಲ್ಲ ಕಿತ್ತು ಹೊಸ ಗೋಡೆಕಾಗದ, ಹೊಸ ಪೀಠೋಪಕರಣ ತುಂಬುತ್ತಿದ್ದರು. ಇವರು ಪರದೆ ಕೂಡ ಬದಲಿಸಲಿಲ್ಲ. ಇವತ್ತು ಅಪ್‌ಪಾರ್ಕ್ ನೋಡಿ ಜನ ಬೆರಗಾಗುವುದು ಅದು 18ನೇ ಶತಮಾನದ ಹಾಗೇ ಇದೆ ಎಂದು. ಹಾಗೆ ಇಟ್ಟವರು ಕೆನೆ ತೆಗೆಯುತ್ತಿದ್ದ ಹುಡುಗಿ ಮತ್ತು ಅವಳ ತಂಗಿ. ಯಾವ ಸಾಮಾನು ಎಲ್ಲಿರಬೇಕು ಎಂದು ಚಿಕ್ಕಂದಿನಿಂದ ಕಲಿತ ಕೈಗಳು ಅವು ಎಂದು ನನಗೆ ಅನಿಸುತ್ತದೆ. ದಣಿಗಳಿಗೆ ಸಾಮಾನು ಇರುವುದು ಗೊತ್ತು. ಅದರ ಧೂಳು ಗೊತ್ತಿರುವುದು ಒರೆಸಿದವರಿಗೆ.

ಇನ್ನು ಸಾರಾ.

ಸಾರಾ ನೀಲ್ ಹುಟ್ಟಿದ್ದು 1822ರಲ್ಲಿ. ಅಪ್ಪ ಹತ್ತಿರದ ಮಿಡ್‌ಹರ್ಸ್ಟ್ ಊರಿನಲ್ಲಿ ಛತ್ರ ನಡೆಸುತ್ತಿದ್ದ. 1850ರಲ್ಲಿ ಅವಳು ಅಪ್‌ಪಾರ್ಕ್‌ಗೆ ಬಂದಳು. ಕೆಲಸ ತಂಗಿ ಫ್ರಾನ್ಸಿಸ್‌ಳ ಆಪ್ತ ಸೇವಕಿಯಾಗಿ. ತಲೆ ಬಾಚುವುದು, ಬಟ್ಟೆ ತೊಡಿಸುವುದು, ಹರಿದದ್ದು ಹೊಲಿಯುವುದು, ಜೊತೆಗೆ ಹೋಗುವುದು. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಾರಿಗೆಯವರು. ಒಬ್ಬಳ ಅಕ್ಕ ಇದೇ ಮನೆಯ ಡೇರಿಯಲ್ಲಿ ದುಡಿದವಳು. ಇನ್ನೊಬ್ಬಳು ಛತ್ರದವನ ಮಗಳು. ಹುಟ್ಟು ನೋಡಿದರೆ ಇಬ್ಬರ ನಡುವೆ ಅಂಥ ಅಂತರವೇನೂ ಇರಲಿಲ್ಲ. ಕನ್ನಡಿ ಮುಂದೆ ಮಾತ್ರ ಒಬ್ಬಳು ಕೂತಿದ್ದಳು, ಇನ್ನೊಬ್ಬಳು ಹಿಂದೆ ನಿಂತಿದ್ದಳು. ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇತ್ತು. ಅದು ಸುಳ್ಳು ಪ್ರೀತಿ ಅಲ್ಲ ಎಂದೇ ನನ್ನ ನಂಬಿಕೆ. ಯಾಕೆಂದರೆ ಮೂವತ್ತು ವರ್ಷ ಆದ ಮೇಲೂ ಅದು ಕೆಲಸಕ್ಕೆ ಬಂತು.

ಸಾರಾ ಅಲ್ಲೇ ತೋಟದ ಕೆಲಸಕ್ಕಿದ್ದ ಜೋಸೆಫ್ ವೆಲ್ಸ್‌ನನ್ನು ಕಂಡಳು. 1853ರಲ್ಲಿ ಅಮ್ಮನಿಗೆ ಕಾಯಿಲೆ ಎಂದು ಕೆಲಸ ಬಿಟ್ಟಳು, ಆ ವರ್ಷದ ಕೊನೆಗೆ ಮದುವೆಯಾದಳು. ಲಂಡನ್ ಹತ್ತಿರದ ಬ್ರಾಮ್ಲಿಯಲ್ಲಿ ಗಂಡ ಹೆಂಡತಿ ಪಿಂಗಾಣಿ ಅಂಗಡಿ ಇಟ್ಟರು. ಅಂಗಡಿ ನಡೆಯಲಿಲ್ಲ. ಜೋಸೆಫ್ ಒಳ್ಳೆಯ ಕ್ರಿಕೆಟ್ ಬೌಲರ್, ಅದರಿಂದ ಒಂದಿಷ್ಟು ದುಡ್ಡು ಬರುತ್ತಿತ್ತು. 1877ರಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅದೂ ನಿಂತಿತು. ಅಷ್ಟರಲ್ಲಿ ಅಪ್‌ಪಾರ್ಕ್‌ನಲ್ಲಿ ಅಕ್ಕ ಮೇರಿ ಆನ್ ತೀರಿಕೊಂಡು ತಂಗಿ ಫ್ರಾನ್ಸಿಸ್ ಒಡತಿಯಾಗಿದ್ದಳು. 1880ರಲ್ಲಿ ಅವಳು ತನ್ನ ಹಳೆಯ ಸಾರಾಳನ್ನು ಹೌಸ್‌ಕೀಪರ್ ಆಗಿ ಬಾ ಎಂದು ಕರೆದಳು. ಗಂಡನನ್ನು ಅಂಗಡಿಯಲ್ಲೇ ಬಿಟ್ಟು, ಮಕ್ಕಳನ್ನು ಬಟ್ಟೆ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿಸಿ ಸಾರಾ ಗುಡ್ಡ ಹತ್ತಿದಳು.

ಹೌಸ್‌ಕೀಪರ್ ಎಂದರೆ ಸಣ್ಣ ಹುದ್ದೆಯಲ್ಲ. ಹೆಣ್ಣಾಳುಗಳಿಗೆಲ್ಲ ಅವಳೇ ಮೇಲು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಸಕ್ಕರೆ, ಟೀ, ಸಾಬೂನು, ಹಾಸಿಗೆ ಬಟ್ಟೆ, ಎಲ್ಲದರ ಲೆಕ್ಕ ಅವಳ ಕೈಯಲ್ಲಿ. ಮದುವೆ ಆಗಿರಲಿ ಬಿಡಲಿ ಹೌಸ್‌ಕೀಪರ್‌ಳನ್ನು ಎಲ್ಲರೂ ‘ಮಿಸೆಸ್’ ಎಂದೇ ಕರೆಯಬೇಕು. ಕೆಳಗಿನ ಲೋಕಕ್ಕೂ ತನ್ನದೇ ಮೇಲು ಕೀಳು ಇತ್ತು. ಬಟ್ಲರ್, ಹೌಸ್‌ಕೀಪರ್, ಒಡತಿಯ ಸೇವಕಿ, ಇವರು ಮೇಲಿನ ಆಳುಗಳು. ಇಂಥ ಮನೆಗಳಲ್ಲಿ ಮಾಂಸದ ಊಟ ಎಲ್ಲರ ಜೊತೆ ಹಾಲ್‌ನಲ್ಲಿ ಮುಗಿಸಿ, ಸಿಹಿಗೆ ಮಾತ್ರ ಎದ್ದು ಹೌಸ್‌ಕೀಪರ್ ಕೋಣೆಗೆ ಹೋಗುವ ಪದ್ಧತಿ ಇತ್ತು. ಉಳಿದವರು ಅಲ್ಲೇ ಕೂತಿರುತ್ತಿದ್ದರು. ಪಾತ್ರೆ ತೊಳೆಯುವ ಹುಡುಗಿ ಎಲ್ಲರಿಗಿಂತ ಕೆಳಗೆ. ಒಡತಿಯ ಮುಖವನ್ನೇ ಸರಿಯಾಗಿ ನೋಡದ ಹುಡುಗಿಯರು ಇಂಥ ಮನೆಗಳಲ್ಲಿ ಇದ್ದರು. 1891ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸದಲ್ಲಿದ್ದ ಹೆಂಗಸರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳ ಜನ ಇದ್ದದ್ದು ದೊಡ್ಡಮನೆಗಳಲ್ಲಲ್ಲ, ಸಾಧಾರಣ ಮನೆಗಳಲ್ಲಿ ಒಬ್ಬಳೇ ಆಳಾಗಿ. ಅಂಥವಳಿಗೆ ಸುರಂಗದಲ್ಲಿ ಜೊತೆಗೆ ನಡೆಯಲು ಇನ್ನೊಬ್ಬಳೂ ಇರಲಿಲ್ಲ.

ಸಾರಾಳಿಗೆ ಈ ಕೆಲಸ ಬರುತ್ತಿರಲಿಲ್ಲ. ಮಗನೇ ಮುಂದೆ ಆತ್ಮಕಥೆಯಲ್ಲಿ ಅದನ್ನು ಬರೆದ. ಲೆಕ್ಕ ಇಡಲು, ಸಾಮಾನು ತರಿಸಲು, ಆಳುಗಳನ್ನು ನಡೆಸಲು ಅವಳು ಎಂದೂ ಕಲಿತಿರಲಿಲ್ಲ, ಅವಳಷ್ಟು ಕೆಟ್ಟ ಹೌಸ್‌ಕೀಪರ್ ಇನ್ನೊಬ್ಬಳಿರಲಿಕ್ಕಿಲ್ಲ ಎನ್ನುವ ಅರ್ಥದಲ್ಲಿ ಬರೆದ. ಮೊದಲ ಸಲ ಓದಿದಾಗ ನನಗೆ ಅವನ ಮೇಲೆ ಬೇಸರವಾಯಿತು. ಅಮ್ಮನ ಬಗ್ಗೆ ಹೀಗೆ ಬರೆಯುತ್ತಾರಾ ಎಂದು. ಆಮೇಲೆ ಅನಿಸಿತು, ಅವನ ಸಿಟ್ಟು ಅಮ್ಮನ ಮೇಲೆ ಅಲ್ಲ. ದೇವರು, ರಾಣಿ, ಒಡತಿ, ಈ ಮೂವರು ಇಟ್ಟ ಕಡೆ ಇರುವುದೇ ಸರಿ ಎಂದು ಅವಳು ನಂಬಿದ್ದಳು. ವಿಕ್ಟೋರಿಯಾ ರಾಣಿಯ ಸುಖ ದುಃಖವನ್ನು ಸ್ವಂತದ್ದು ಎನ್ನುವ ಹಾಗೆ ಹಚ್ಚಿಕೊಂಡಿದ್ದಳು. ಆ ನಂಬಿಕೆಯಲ್ಲೇ ಮಗನನ್ನೂ ಬಟ್ಟೆ ಅಂಗಡಿಗೆ ನೂಕಿದ್ದಳು. ಅವನಿಗೆ ಉಸಿರು ಕಟ್ಟಿದ್ದು ಅಲ್ಲಿ.

ಆದರೆ ಅದೇ ಮನೆ ಅವನಿಗೆ ಉಸಿರನ್ನೂ ಕೊಟ್ಟಿತು. 1880ರ ಕ್ರಿಸ್ಮಸ್ ಹೊತ್ತಿಗೆ ಅವನು ಅಮ್ಮನ ಹತ್ತಿರ ಬಂದಿದ್ದ. ಹಿಮ ಬಿದ್ದು ದಾರಿ ಕಟ್ಟಿತು. ಹುಡುಗ ಸುಮ್ಮನೆ ಕೂರಲಿಲ್ಲ. ದಿನಕ್ಕೊಂದು ಕೈಬರಹದ ಪತ್ರಿಕೆ ತೆಗೆದ. ಅಮ್ಮನ ಕೋಣೆಯಲ್ಲಿ ಪುಟ್ಟ ಬೊಂಬೆಯಾಟದ ರಂಗ ಕಟ್ಟಿ ಕೆಲಸದ ಹುಡುಗಿಯರಿಗೆ ಆಟ ತೋರಿಸಿದ. ಅವನು ಮಲಗುತ್ತಿದ್ದ ಕೋಣೆಯ ಪಕ್ಕ ಅಟ್ಟದಲ್ಲಿ ಹಳೆಯ ಸಾಮಾನಿನ ನಡುವೆ ಒಂದು ಟೆಲಿಸ್ಕೋಪಿನ ಬಿಡಿಭಾಗಗಳಿದ್ದವು. ಅವನ್ನು ತಾನೇ ಜೋಡಿಸಿದ. ಚಳಿಗಾಲದ ನಡುರಾತ್ರಿ ಕಿಟಕಿ ತೆರೆದಿಟ್ಟುಕೊಂಡು ಚಂದ್ರನ ಕುಳಿಗಳನ್ನು ನೋಡುತ್ತಾ ಕೂತಿದ್ದವನನ್ನು ಅಮ್ಮ ಬಂದು ಹಿಡಿದಳು. ಮೇಲಿನ ಲೈಬ್ರರಿಯ ಪುಸ್ತಕಗಳನ್ನೂ ಓದಿದ. ಪ್ಲೇಟೋ, ವಾಲ್ಟೇರ್, ಸ್ವಿಫ್ಟ್. ಸರ್ ಮ್ಯಾಥ್ಯೂ ಕಾಲದ ಶ್ರೀಮಂತರು ಬಿಡುವಿನಲ್ಲಿ ಓದಲು ತರಿಸಿದ್ದ ಪುಸ್ತಕಗಳು. ನೂರು ವರ್ಷ ಆದ ಮೇಲೆ ಹೌಸ್‌ಕೀಪರ್ ಮಗನ ಕೈಗೆ ಸಿಕ್ಕವು. ಇಂಥ ಮನೆಗಳ ಬಿಡುವಿನಿಂದಲೇ ವಿಜ್ಞಾನ, ಪುಸ್ತಕ, ಹೊಸ ಯೋಚನೆ ಬೆಳೆದವು ಎಂದು ಅವನೇ ಮುಂದೆ ಒಪ್ಪಿಕೊಂಡ. ಆ ಬಿಡುವು ಎಲ್ಲಿಂದ ಬಂತು ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. 1895ರಲ್ಲಿ ಬಂದ ಅವನ ಮೊದಲ ಕಾದಂಬರಿಯಲ್ಲಿ ಮನುಷ್ಯರು ಎರಡು ಜಾತಿಯಾಗಿ ಒಡೆದು ಹೋಗಿದ್ದಾರೆ. ಒಂದು ಬಿಸಿಲಿನಲ್ಲಿ ಆಡುತ್ತದೆ. ಇನ್ನೊಂದು ನೆಲದ ಕೆಳಗೆ ಯಂತ್ರ ನಡೆಸುತ್ತದೆ. ಅಪ್‌ಪಾರ್ಕ್‌ನ ಸುರಂಗದಲ್ಲಿ ನಿಂತವರಿಗೆ ಅದು ಎಲ್ಲಿಂದ ಬಂತು ಎಂದು ಯಾರೂ ಹೇಳಬೇಕಾಗಿಲ್ಲ.

ಆ ಭಾನುವಾರದ ನಂತರ ಅಮ್ಮ ಕೊನೆಗೂ ಒಪ್ಪಿದಳು. ಬಟ್ಟೆ ಅಂಗಡಿಯ ಕರಾರು ಮುರಿಯಿತು. ಅವನು ಮಿಡ್‌ಹರ್ಸ್ಟ್ ಶಾಲೆಗೆ ಸೇರಿದ. ಅಲ್ಲಿಂದ ಸ್ಕಾಲರ್‌ಶಿಪ್ ಗೆದ್ದು 1884ರಲ್ಲಿ ಲಂಡನ್‌ಗೆ ಹೋಗಿ ಥಾಮಸ್ ಹಕ್ಸ್ಲಿಯ ಕೈಯಲ್ಲಿ ಜೀವಶಾಸ್ತ್ರ ಕಲಿತ. 1887ರಲ್ಲಿ ಫುಟ್‌ಬಾಲ್ ಆಡುವಾಗ ಪೆಟ್ಟು ಬಿದ್ದು ರಕ್ತ ಕಾರಿದಾಗ ಸುಧಾರಿಸಿಕೊಳ್ಳಲು ಬಂದದ್ದೂ ಅಪ್‌ಪಾರ್ಕ್‌ಗೇ. ತಿಂಗಳುಗಟ್ಟಲೆ ಇದ್ದ. ಫ್ರಾನ್ಸಿಸ್ ಬೇಡ ಎನ್ನಲಿಲ್ಲ. ಆಳಿನ ಮಗನನ್ನು ಅಷ್ಟು ದಿನ ಮನೆಯಲ್ಲಿ ಇಟ್ಟುಕೊಂಡು ಉಣಿಸಿದ ಆ ಮನಸ್ಸನ್ನೂ ನಾನು ಮರೆಯಲಾರೆ.

ಹೀಗೆ ಬರೆಯುತ್ತಾ ಬಂದರೆ ಮುಂದಿನದನ್ನು ಬರೆಯಲು ಕಷ್ಟ. 1893ರ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಸಾರಾಳನ್ನು ಕೆಲಸದಿಂದ ಬಿಡಿಸಿದಳು. ಸಾರಾಳಿಗೆ ಆಗ ಎಪ್ಪತ್ತು. ಕಿವಿ ಮಂದವಾಗಿತ್ತು. ಲೆಕ್ಕದ ಪುಸ್ತಕ ಮೊದಲಿನಿಂದಲೂ ಕೈಗೆ ಒಗ್ಗಿರಲಿಲ್ಲ. ಫ್ರಾನ್ಸಿಸ್‌ಳಿಗೂ ವಯಸ್ಸಾಗಿತ್ತು. ಇಬ್ಬರು ಮುದುಕಿಯರು. ಮೊದಲ ಸಲ ಕನ್ನಡಿ ಮುಂದೆ ಹಿಂದೆ ನಿಂತು ನಲವತ್ತಮೂರು ವರ್ಷ. ಹೊಸ ಹೌಸ್‌ಕೀಪರ್ ಬೇಕಿತ್ತು ನಿಜ. ಆದರೆ ಹಳೆಯವಳನ್ನು ಅಷ್ಟು ಕೋಣೆಗಳಿರುವ ಮನೆಯ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದಿತ್ತು ಎಂದು ನನ್ನ ಮನಸ್ಸು ಇನ್ನೂ ವಾದ ಮಾಡುತ್ತದೆ. ಮನೆಯವರಾಗಿದ್ದರೆ ಇಟ್ಟುಕೊಳ್ಳುತ್ತಿದ್ದರು. ಅಕ್ಕ ತಂಗಿಯನ್ನು ಇಟ್ಟುಕೊಂಡಳಲ್ಲ.

ಫ್ರಾನ್ಸಿಸ್ ಕೆಟ್ಟವಳು ಎಂದು ನಾನು ಹೇಳಲಾರೆ. ಅಜ್ಜಿ ಹೋಗುತ್ತಿದ್ದ ಮನೆಯವರೂ ಕೆಟ್ಟವರಲ್ಲ. ಅವರ ಮನೆಯ ಹುಡುಗರಿಗೆ ಅಜ್ಜಿಯೇ ಹೊಟ್ಟೆ ತುಂಬ ಉಣಿಸಿದ್ದಳು, ಅವರೂ ಹಬ್ಬಕ್ಕೆ ಸೀರೆ ಕೊಟ್ಟಿದ್ದರು, ಜ್ವರ ಬಂದಾಗ ಔಷಧಿ ಕಳಿಸಿದ್ದರು. ಮಂಡಿನೋವು ಬಂದು ಅಜ್ಜಿ ಒಲೆ ಮುಂದೆ ಕೂರಲು ಆಗದ ಮೇಲೆ ಇನ್ನೊಬ್ಬರು ಬಂದರು. ಅದಾದ ಮೇಲೂ ಎರಡು ವರ್ಷ ಅಜ್ಜಿ ಉಪ್ಪಿನಕಾಯಿ ಕಾಲ ಬಂದಾಗ ‘ಅಲ್ಲಿ ಮಿಡಿ ತಂದ್ರೋ ಇಲ್ವೋ’ ಎಂದು ನಮ್ಮನ್ನು ಕೇಳುತ್ತಿದ್ದಳು. ನಮಗೆ ಗೊತ್ತಿರುತ್ತಿರಲಿಲ್ಲ. ಈಗ ಅದು ನೆನಪಾದರೆ ಎದೆ ಭಾರವಾಗುತ್ತದೆ. ಸಾರಾ ಕೂಡ ಗುಡ್ಡದ ಕೆಳಗೆ ಕೂತು ಹಾಗೇ ಕೇಳಿರಬಹುದಾ? ಹೊಸಬಳಿಗೆ ಯಾವ ಬೀಗಕ್ಕೆ ಯಾವ ಕೈ ಎಂದು ಗೊತ್ತಾಯಿತೋ ಇಲ್ಲವೋ ಎಂದು?

ಫ್ರಾನ್ಸಿಸ್ 1895ರಲ್ಲಿ ತೀರಿಕೊಂಡಳು. ಮನೆ ಬೇರೆ ಕೈಗಳಿಗೆ ಹೋಯಿತು. 1930ರ ದಶಕದಲ್ಲಿ ಅಲ್ಲಿಗೆ ಬಂದ ಲೇಡಿ ಮಾರ್ಗರೆಟ್ ಮೀಡ್-ಫೆದರ್‌ಸ್ಟನ್‌ಹಾ ಎಂಬ ಒಡತಿ ಹರಿದು ಜೂಲಾಗಿದ್ದ ರೇಷ್ಮೆ ಪರದೆಗಳನ್ನು ಎಸೆಯಲಿಲ್ಲ. ಸೋಪ್‌ವರ್ಟ್ ಎಂಬ ಗಿಡ ಬೆಳೆಸಿದಳು. ನಮ್ಮ ಅಂಟುವಾಳದ ಹಾಗೆ ಅದನ್ನು ನೆನೆಸಿದರೆ ನೊರೆ ಬರುತ್ತದೆ. ಅದರಲ್ಲಿ ಪರದೆಗಳನ್ನು ತಾನೇ ತೊಳೆದಳು, ಎಳೆ ಎಳೆ ಹಿಡಿದು ವರ್ಷಗಟ್ಟಲೆ ಹೊಲಿದಳು. ರೇಷ್ಮೆ ಸೀರೆಯನ್ನು ಅಂಟುವಾಳದಲ್ಲಿ ಅದ್ದುವಾಗ ನಮ್ಮಮ್ಮ ಎಷ್ಟು ಮೆತ್ತಗೆ ಮುಟ್ಟುತ್ತಿದ್ದಳು ಎಂದು ನೋಡಿದವಳು ನಾನು. ಆ ಒಡತಿಯ ಕೈ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಮೊದಲ ಮಹಾಯುದ್ಧದಲ್ಲಿ ಗಂಡಾಳುಗಳು ಸೈನ್ಯಕ್ಕೆ ಹೋಗಿದ್ದರು, ಹೆಣ್ಣುಮಕ್ಕಳು ಕಾರ್ಖಾನೆಗೆ ಹೋಗಿದ್ದರು. ಕಾರ್ಖಾನೆಯಲ್ಲಿ ಸಂಜೆ ಆದರೆ ಬಿಡುವು ಸಿಗುತ್ತದೆ ಎಂದು ಒಮ್ಮೆ ಕಂಡವರಿಗೆ ಗಂಟೆ ಬಾರಿಸಿದಾಗ ಓಡುವ ಕೆಲಸ ಬೇಡವಾಯಿತು. 1954ರಲ್ಲಿ ಮನೆ, ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

1989ರ ಆಗಸ್ಟ್ 30ರಂದು ಅಪ್‌ಪಾರ್ಕ್‌ಗೆ ಬೆಂಕಿ ಬಿತ್ತು. ಮಾಡಿನ ಸೀಸದ ರಿಪೇರಿ ಮಾಡುತ್ತಿದ್ದವರ ಬೆಂಕಿಯಿಂದ ಹತ್ತಿಕೊಂಡಿತು. ರಿಪೇರಿ ಮುಗಿಯಲು ಇನ್ನೆರಡು ದಿನ ಇತ್ತು. ಮನೆಯವರು, ಟ್ರಸ್ಟ್‌ನ ಕೆಲಸಗಾರರು, ಬೆಂಕಿ ಆರಿಸಲು ಬಂದವರು ಸಾಲಾಗಿ ನಿಂತು ಒಳಗಿನ ಸಾಮಾನು ಕೈಯಿಂದ ಕೈಗೆ ದಾಟಿಸಿದರು. ಆ ಸಾಲಿನಲ್ಲಿ ಯಾರು ಯಾವ ಮಹಡಿಯವರು ಎಂದು ಕೇಳಲು ಪುರುಸೊತ್ತಿರಲಿಲ್ಲ. ಮೇಲಿನ ಮಹಡಿ ಪೂರಾ ಸುಟ್ಟುಹೋಯಿತು. ಕೆಳಗಿನ ಕೋಣೆಗಳ ಬಹುಪಾಲು ಸಾಮಾನು ಉಳಿಯಿತು. ಆಮೇಲೆ ಬೂದಿಯನ್ನೂ ಬಿಡಲಿಲ್ಲ. ಸಾವಿರಾರು ಡಸ್ಟ್‌ಬಿನ್‌ಗಳಲ್ಲಿ ತುಂಬಿಟ್ಟು ಚೂರು ಚೂರು ಆರಿಸಿದರು. ಮರೆತೇ ಹೋಗಿದ್ದ ಗಾರೆ ಕೆಲಸ, ಮರಗೆತ್ತನೆ, ಗೋಡೆಕಾಗದದ ಕೆಲಸಗಳನ್ನು ಮತ್ತೆ ಕಲಿತು ಮಾಡಿದರು. 1995ರಲ್ಲಿ ಮನೆ ಮತ್ತೆ ತೆರೆಯಿತು. ಮೇರಿ ಆನ್ ಮತ್ತು ಫ್ರಾನ್ಸಿಸ್ ಇಟ್ಟುಕೊಂಡಿದ್ದ ಹಾಗೇ.

ಕಳೆದ ವಸಂತದಲ್ಲಿ ಅಮ್ಮ ಊರಿನಿಂದ ಬಂದಿದ್ದಳು. ಅವಳನ್ನು ಅಪ್‌ಪಾರ್ಕ್‌ಗೆ ಕರೆದುಕೊಂಡು ಹೋದೆ. ಮೇಲಿನ ಕೋಣೆಗಳನ್ನು ನೋಡಿ ‘ಚೆನ್ನಾಗಿದೆ’ ಎಂದಳು, ಅಷ್ಟೇ. ಹೌಸ್‌ಕೀಪರ್ ಕೋಣೆಯ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಕಪಾಟು, ಮೇಜು, ಒಲೆ ನೋಡಿದಳು. ಇದು ಯಾರ ಕೋಣೆ ಎಂದು ಕೇಳಿದಳು. ಸಾರಾಳ ಕತೆಯನ್ನು ಅಲ್ಲೇ ನಿಂತು ಹೇಳಿದೆ. ಹಿಮದ ದಿನದ ಬೊಂಬೆಯಾಟ, 17 ಮೈಲಿ ನಡೆದ ಮಗ, ಎಪ್ಪತ್ತರಲ್ಲಿ ಕೆಲಸದಿಂದ ಬಿಡಿಸಿದ್ದು. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

‘ಆಮೇಲೆ ಅವಳನ್ನ ಯಾರು ನೋಡ್ಕೊಂಡ್ರು?’ ಎಂದಳು.

ಮಗ ಎಂದೆ. ಪುಸ್ತಕಗಳಿಂದ ದುಡ್ಡು ಬರಲು ಶುರುವಾದ ಮೇಲೆ ಲಿಸ್ ಎಂಬ ಊರಿನಲ್ಲಿ ಅಪ್ಪ ಅಮ್ಮನಿಗೆ ಮನೆ ಮಾಡಿಕೊಟ್ಟ. ಅಲ್ಲೇ 1905ರಲ್ಲಿ ಸಾರಾ ತೀರಿಕೊಂಡಳು.

‘ಸ್ವಂತ ಮನೆಯಲ್ಲಾ?’

ಹೌದಮ್ಮ ಎಂದೆ. ಅಮ್ಮ ತಲೆ ಆಡಿಸಿದಳು. ಇಬ್ಬರೂ ಸುರಂಗದ ಕಡೆ ನಡೆದೆವು. ಒಳಗೆ ತಂಪಾಗಿತ್ತು. ಅಮ್ಮ ಒಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಗೋಡೆಯ ಮೇಲೆ ಸವರುತ್ತಾ ಮುಂದೆ ಹೋದಳು.